ಮೇಷ್ಟರ ಹಾಸಿಗೆಯ ಪಕ್ಕದ ಕುರ್ಚಿ

ಹೆಲ್‌ವಾಗ್
೧೯ ನವೆಂಬರ್ ೨೦೦೪

ಪ್ರೀತಿಯ ಗುಡ್ನಿ,

ಹೇಗಿದ್ದೀಯ? ಜೂನ್ ತಿಂಗಳಲ್ಲಿ ನೀನು ಬರೆದ ಪತ್ರಕ್ಕೆ ನವೆಂಬರಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈದುಕೋ. ಕೆಲಸದ ಒತ್ತಡ ಎನ್ನುವ ಹಳೆಯ ನೆಪವೂ ಈಗ ನನ್ನ ಬಳಿ ಇಲ್ಲ. ಮಂಡಿ ನೋವು ಕಡಿಮೆಯಾಯಿತೇ? ನಿಮ್ಮೂರು ಬೋಡೊದಲ್ಲಿ ಹಿಮ ಬಿದ್ದಿರಬೇಕು. ಇಲ್ಲಿ ಬರೀ ಗಾಳಿ, ಜಡಿಮಳೆ.

ದ್ವೀಪಗಳನ್ನು ಜೋಡಿಸುವ ಸೇತುವೆ ಮೇ ತಿಂಗಳಲ್ಲಿ ತೆರೆಯಿತು. ವಾದ್ಯದವರು ಬಂದರು, ಭಾಷಣಗಳಾದವು. ಅದೇ ಸಂಜೆ ನಾನು ನಮ್ಮ ಫೆರಿ ಹಡಗನ್ನು ಕೊನೆಯ ಸಲ ದಡಕ್ಕೆ ತಂದು ಕಟ್ಟಿದೆ. ಮೂವತ್ತೊಂದು ವರ್ಷ ಆ ಐದು ದ್ವೀಪಗಳ ನಡುವೆ ಓಡಾಡಿದವನು. ಮರುದಿನ ಬೆಳಗಿನ ಐದಕ್ಕೆ ಎದ್ದು, ಬೂಟು ಹಾಕಿಕೊಂಡು, ಬಾಗಿಲವರೆಗೆ ಬಂದು ನಿಂತೆ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗಲಿಲ್ಲ.

ಆಮೇಲೆ ಕೈಗೆ ಕೆಲಸ ಹುಡುಕಿದೆ. ದೋಣಿಮನೆಗೆ ಕೆಂಪು ಬಣ್ಣ ಹೊಡೆದೆ. ಒಣಗಿದ ಮೇಲೆ ಇನ್ನೊಂದು ಸಲ ಹೊಡೆದೆ. ಮೂರನೆಯ ಡಬ್ಬ ತಂದಾಗ ಮಾಗ್ನ್‌ಹಿಲ್ಡ್ ಅಡುಗೆಮನೆಯ ಕಿಟಕಿ ತೆರೆದು ಕೂಗಿದಳು: “ಐಲಿಫ್, ಇನ್ನೊಂದ್ಸಲ ಬಳಿದ್ರೆ ಒಳಗೆ ದೋಣಿಗೇ ಜಾಗ ಇರಲ್ಲ ನೋಡು!”

ನಕ್ಕೆ. ಆದರೆ ಬ್ರಷ್ಷು ಕೆಳಗಿಟ್ಟ ತಕ್ಷಣ ಇನ್ನೇನು ಬಳಿಯಲಿ ಎಂದು ಸುತ್ತ ಹುಡುಕಿದೆ. ಮನೆ ಇದೆ, ಪಿಂಚಣಿ ಬರುತ್ತದೆ, ಬಿಸಿ ಮೀನು ಆಲೂಗಡ್ಡೆ ಮಾಡಿ ಹಾಕುವ ಹೆಂಡತಿ ಇದ್ದಾಳೆ. ಆದರೂ ಪ್ರತಿ ದಿನವೂ ಯಾರೋ ಬಿಟ್ಟುಹೋದ ಕೋಣೆಯ ಹಾಗೆ ಕಾಣುತ್ತದೆ.

ಅಕ್ಟೋಬರಿನ ಒಂದು ಮಧ್ಯಾಹ್ನ ಕಾರು ತೆಗೆದುಕೊಂಡು ಸೇತುವೆಯ ಆ ತುದಿಗೆ ಹೋದೆ, ಈ ತುದಿಗೆ ಬಂದೆ. ಹೀಗೆ ಒಂಬತ್ತು ಸಲ. ಹತ್ತನೆಯ ಸಲ ನಡುವೆ ನಿಲ್ಲಿಸಿ, ಇಳಿದು, ಕಂಬಿ ಹಿಡಿದು ನಿಂತೆ. ಕೆಳಗೆ ನಾನು ಅಷ್ಟು ವರ್ಷ ದಾಟಿದ ನೀರು. ಏನು ಯೋಚಿಸುತ್ತಿದ್ದೆ ಎಂದು ಕೇಳಬೇಡ. ಏನೂ ಯೋಚಿಸುತ್ತಿರಲಿಲ್ಲ; ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಅಂಚೆ ವ್ಯಾನಿನ ಹೆಂಗಸು ಪಕ್ಕದಲ್ಲಿ ನಿಲ್ಲಿಸಿ, “ಏನ್ ಕ್ಯಾಪ್ಟನ್, ಪೆಟ್ರೋಲ್ ಖಾಲಿ ಆಯ್ತಾ?” ಎಂದು ಕೇಳಿದಳು.

“ಹೌದಮ್ಮಾ, ಖಾಲಿ” ಎಂದೆ.

ಪಾಪ, ತನ್ನ ಡಬ್ಬದಿಂದ ಐದು ಲೀಟರ್ ಸುರಿದಳು, ನಾನು ಹೊರಡುವವರೆಗೂ ಕಾದಳು. ನನ್ನ ಟ್ಯಾಂಕು ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು.

ಮುಂದಿನ ಭಾನುವಾರ ಚರ್ಚಿಗೆ ಹೋದೆ. ನಗಬೇಡ. ಅಪ್ಪನ ಪ್ರಾರ್ಥನಾಮಂದಿರದ ಗಟ್ಟಿ ಬೆಂಚಿನ ಮೇಲೆ ಕೂತು, ದೇವರೆಂದರೆ ಹಾಜರಿ ತೆಗೆದುಕೊಳ್ಳುವವನು ಎಂದು ನಂಬಿ ಬೆಳೆದವರು ನಾವು. ಕೊನೆಯ ಸಾಲಿನಲ್ಲಿ ಕೂತೆ. ಈಗಿನ ಪಾದ್ರಿ ಹೆಂಗಸು, ಹೆಸರು ಸಿಗ್ರುನ್, ಮಾತು ನೇರ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈ ಕುಲುಕಿ, “ನಿಮ್ಮ ಕಾಲು ಬೆಂಚನ್ನ ಹೇಗೆ ಅಲ್ಲಾಡಿಸ್ತಿತ್ತು ಅಂದ್ರೆ, ನನ್ನ ಉಪದೇಶ ನನಗೇ ಕೇಳಿಸ್ಲಿಲ್ಲ” ಎಂದರು.

“ನನಗೊಂದು ಕೆಲಸ ಕೊಡಿ ಪಾದ್ರಿಯಮ್ಮ. ಬೇಲಿ ರಿಪೇರಿ, ಗಂಟೆ ಹಗ್ಗ, ಏನಾದ್ರೂ ಸರಿ.”

“ದೇವರು ನಿಮ್ಮಿಂದ ಕೆಲಸ ಕೇಳ್ತಿಲ್ಲವೇನೋ. ಬಂದು ಕೂತ್ಕೋ ಅಂತಿರಬಹುದು.”

“ಕೂತ್ಕೊಂಡು ಏನ್ ಮಾಡೋದು?”

“ಕೂತ್ಕೊಳ್ಳೋದು.”

ಸಿಟ್ಟು ಬಂತು. ಬರುವ ತಿಂಗಳು ಆರೈಕೆ ಮನೆಗೆ ಬನ್ನಿ ಎಂದಿದ್ದಾರೆ. ಸಾಯುವ ಹೊತ್ತಿಗೆ ಜೊತೆಗೆ ಯಾರೂ ಇಲ್ಲದವರ ಹತ್ತಿರ ಸರದಿಯ ಮೇಲೆ ಕೂರಬೇಕಂತೆ. ಹೋಗುತ್ತೇನೋ ಇಲ್ಲವೋ ತಿಳಿಯದು. ಚಳಿಯಲ್ಲಿ ಹುಷಾರಾಗಿರು.

ನಿನ್ನ ಅಣ್ಣ,
ಐಲಿಫ್

---

ಹೆಲ್‌ವಾಗ್
೮ ಮಾರ್ಚ್ ೨೦೦೫

ಪ್ರೀತಿಯ ಗುಡ್ನಿ,

ಕ್ರಿಸ್‌ಮಸ್‌ಗೆ ನೀನು ಹೆಣೆದು ಕಳಿಸಿದ ಕೈಗವಸು ಬಂತು. ಮಾಗ್ನ್‌ಹಿಲ್ಡ್ ತನಗೂ ಒಂದು ಜೊತೆ ಬೇಕೆನ್ನುತ್ತಿದ್ದಾಳೆ. ಧನ್ಯವಾದ ಹೇಳಲು ಎರಡು ತಿಂಗಳು ತಡ. ಈ ಪತ್ರವನ್ನು ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ಒಲೆಗೆ ಹಾಕಿದ್ದೇನೆ.

ಕೊನೆಗೂ ಆರೈಕೆ ಮನೆಗೆ ಹೋದೆ. ಜನವರಿಯಲ್ಲಿ, ಮಧ್ಯಾಹ್ನದ ಸರದಿ. ಯಾರ ಹತ್ತಿರ ಕೂರಿಸಿದರು ಗೊತ್ತೇ? ಅಸ್ಲಾಕ್ ಮೇಷ್ಟರ ಹತ್ತಿರ! ದ್ವೀಪಗಳ ಮಕ್ಕಳಿಗೆಲ್ಲ ಓದು ಕಲಿಸಿದವರು, ಫೆರಿ ತಡವಾಯಿತೆಂದು ನನ್ನ ಮೇಲೆ ಪತ್ರಿಕೆಗೆ ಹದಿನೆಂಟು ಪತ್ರ ಬರೆದವರು. ಈಗ ಎಂಬತ್ತೆಂಟು ವಯಸ್ಸು, ಬರೀ ಮೂಳೆ. ನಾನು ಕುರ್ಚಿ ಎಳೆದುಕೊಂಡು ಕೂತಾಗ ಒಂದು ಕಣ್ಣು ತೆರೆದು ಗಡಿಯಾರ ನೋಡಿದರು.

“ಓ, ಫೆರಿ. ನಾಲ್ಕು ನಿಮಿಷ ತಡ.”

ಮೊದಲ ವಾರ ನರಕ. ಹತ್ತು ನಿಮಿಷಕ್ಕೊಮ್ಮೆ ಎದ್ದು ಪರದೆ ಸರಿಪಡಿಸುತ್ತಿದ್ದೆ, ಹೀಟರ್ ತಿರುಗಿಸುತ್ತಿದ್ದೆ. “ಏಯ್, ಕೂತ್ಕೊಳ್ಳೋ! ನೀನು ಓಡಾಡೋದು ನೋಡಿದ್ರೆ ಸಾಯ್ತಿರೋದು ನೀನೋ ನಾನೋ ಅಂತ ಅನುಮಾನ ಬರುತ್ತೆ” ಎಂದು ಗದರುತ್ತಿದ್ದರು.

ಒಂದು ದಿನ ಇದ್ದಕ್ಕಿದ್ದಂತೆ, “ಪ್ರಾರ್ಥನೆ ಮಾಡು” ಎಂದರು.

“ಬರಲ್ಲ ಮೇಷ್ಟ್ರೇ. ಬಾಯಿಗೆ ಮಾತೇ ಬರಲ್ಲ.”

“ಅಷ್ಟು ವರ್ಷ ಮೈಕಿನಲ್ಲಿ ಊರ ಹೆಸರು ಕೂಗ್ತಿದ್ದೆಯಲ್ಲ, ಅದನ್ನೇ ಹೇಳು.”

ಕೆಲಸವಿಲ್ಲದ ಕ್ಯಾಪ್ಟನ್ನು ಸಾಯುವ ಮೇಷ್ಟರ ಮುಂದೆ ಹಡಗುಕಟ್ಟೆಗಳ ಹೆಸರು ಹೇಳತೊಡಗಿದ. “ಸಾಂದೇ” ಎಂದೆ. ಅವರು ಕಣ್ಣು ಮುಚ್ಚಿಕೊಂಡೇ, “ಸಾಂದೇ. ಅಲ್ಲಿ ಒಬ್ಬಳು ಕುಂಟು ಹುಡುಗಿ ಇದ್ಲು, ಲೆಕ್ಕದಲ್ಲಿ ಬಲು ಚುರುಕು. ಸ್ವಾಮೀ, ಅವಳನ್ನ ಕಾಯಪ್ಪ” ಎಂದರು. “ಯೂರ್‌ಹೊಲ್ಮ್” ಎಂದೆ. “ಅಲ್ಲಿ ಅವಳಿ ಮಕ್ಕಳು. ಒಬ್ಬನನ್ನ ನಾನು ಸುಮ್ಮಸುಮ್ಮನೆ ಹೊಡೆದಿದ್ದೆ. ಅದನ್ನ ಕ್ಷಮಿಸು ಯೇಸುವೇ, ಅವನ ಮನೆಮಂದಿನ ಚೆನ್ನಾಗಿಡು.”

ಗುಡ್ನಿ, ನಾನು ಆ ಹೆಸರುಗಳನ್ನು ಸಾವಿರಾರು ಸಲ ಕೂಗಿದ್ದೇನೆ. ಇಳಿದು ಹೋದವರ ಮುಖವನ್ನು ಒಂದು ದಿನವಾದರೂ ದೇವರ ಮುಂದೆ ಹಿಡಿದಿದ್ದೇನೆಯೇ? ಆಮೇಲೆ ದಿನವೂ ಹಾಗೇ ಮಾಡಿದೆವು. ಮೇಷ್ಟರ ಉಸಿರು ಸಾಲದ ದಿನ ನಾನೇ ಮುಂದುವರಿಸಿದೆ: ಬಸುರಿಯನ್ನು ಆಸ್ಪತ್ರೆಗೆ ದಾಟಿಸಿದ್ದು ನೆನಪಾಯಿತು, ಕುಡಿದು ಡೆಕ್ಕಿನ ಮೇಲೆ ಅಳುತ್ತಿದ್ದ ಮೀನುಗಾರ ನೆನಪಾದ. ಅವರಿಗಾಗಿ ಕೇಳಿಕೊಂಡೆ. ನನ್ನ ಕಾಲು ಅಲ್ಲಾಡುವುದು ನಿಂತಿರುವುದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಆದರೆ ಆ ಕೋಣೆಯಲ್ಲಿ ನಾವಿಬ್ಬರೇ ಇರಲಿಲ್ಲ, ಅಷ್ಟು ಮಾತ್ರ ಆಣೆ ಮಾಡಿ ಹೇಳಬಲ್ಲೆ.

ಫೆಬ್ರವರಿಯಲ್ಲಿ ಲಾಂಗ್‌ನೆಸ್ ಎಂದು ಹೇಳಿದಾಗ ಅವರು ಕಣ್ಣು ತೆರೆದರು. ಅವರ ಮಗಳು ಟೋನೆ ಅಲ್ಲಿ ಹುಟ್ಟಿದವಳು. ಗಂಡನನ್ನು ಬಿಟ್ಟು ಬಂದಳೆಂದು ಹದಿನೈದು ವರ್ಷದ ಹಿಂದೆ ಮನೆಯ ಹೊಸ್ತಿಲು ತುಳಿಯಬೇಡ ಎಂದಿದ್ದರಂತೆ.

“ಅವಳನ್ನ ಕರೀತೀಯಾ?” ಎಂದು ಕೇಳಿದರು. ಗೋಡೆ ಕಡೆ ತಿರುಗಿಕೊಂಡು ಕೇಳಿದರು.

ಪಡಸಾಲೆಯಲ್ಲಿ ಫೋನ್ ಹಿಡಿದು ಇಪ್ಪತ್ತು ನಿಮಿಷ ನಿಂತೆ. ಬೆರಳು ಒತ್ತಲಾರದು. ನರ್ಸು ಬಂದು, “ನಾನೇ ಮಾಡ್ಲಾ ಸಾರ್?” ಎಂದು ಕೇಳಿದಳು. “ಬೇಡ, ನಾನೇ ಮಾಡ್ಬೇಕು” ಎಂದೆ.

ಟೋನೆ ನನ್ನ ಹೆಸರನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ, “ಅಪ್ಪನೇ ಕೇಳಿದ್ರಾ? ನಿಜ ಹೇಳಿ. ನೀವು ಪಾಪ ಅಂತ ಹೇಳ್ತಿಲ್ಲ ತಾನೇ?”

“ಅವರೇ ಕೇಳಿದ್ರಮ್ಮಾ. ಬೇಗ ಬನ್ನಿ.”

ಆ ದಿನ ಗಾಳಿ ಎಷ್ಟಿತ್ತೆಂದರೆ ಫೆರಿಯನ್ನು ನಾನೇ ಬಿಡುತ್ತಿರಲಿಲ್ಲ. ಅವಳು ಬರ್ಗೆನ್‌ನಿಂದ ಸೇತುವೆಯ ಮೇಲೆ ಕಾರು ಓಡಿಸಿಕೊಂಡು ಸಂಜೆಯೊಳಗೆ ಬಂದಳು. ಒದ್ದೆ ಕೋಟಿನಲ್ಲೇ ಒಳಗೆ ಓಡಿದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಕೇಳಿಸಿದ್ದು ಎರಡೇ ಮಾತು.

“ತಡ ಮಾಡ್ಬಿಟ್ಟೆ ಕಣೇ, ನಾನು.”

“ಇಲ್ಲಪ್ಪಾ. ಬಂದಿದೀನಲ್ಲ.”

ಎರಡು ದಿನ ಕಳೆದು, ಬೆಳಿಗ್ಗೆ, ಮಗಳ ಕೈಯೊಳಗೆ ಕೈಯಿಟ್ಟು ಮೇಷ್ಟರು ಹೋದರು.

ಈಗ ವಾರಕ್ಕೆ ಮೂರು ಮಧ್ಯಾಹ್ನ ಅಲ್ಲಿ ಕೂರುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದರೆ ಯಾರಿಗಾಗಿ ಎದ್ದೆ ಎಂಬುದು ಗೊತ್ತಿರುತ್ತದೆ. ಇದು ನಾನು ಹುಡುಕಿಕೊಂಡ ಕೆಲಸವಲ್ಲ. ದೇವರು ನನ್ನನ್ನು ಕರೆದು ಕೂರಿಸಿದ ಜಾಗ. ಆದರೆ ನೆಮ್ಮದಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಕಳೆದ ಭಾನುವಾರ ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನಕ್ಕೆಂದು ಮುಂದೆ ಹೋಗಿ ಮೊಣಕಾಲೂರಿದೆ. ಪಾದ್ರಿಯಮ್ಮ ಪಾಪಕ್ಷಮೆಯ ಮಾತು ಹೇಳಿದರು. ಎಲ್ಲರೂ ಆಮೆನ್ ಎಂದರು. ನಾನು ರೊಟ್ಟಿ ಮುಟ್ಟದೆ ಎದ್ದು ಬಂದೆ. ಮಾಗ್ನ್‌ಹಿಲ್ಡ್ ಮನೆಗೆ ಬಂದು ಕಾಫಿ ಇಟ್ಟು, ಕಾಗದ ಪೆನ್ನು ತಂದು ಮುಂದಿಟ್ಟಳು.

ಈಸ್ಟರ್‌ಗೆ ಇನ್ನು ಮೂರು ವಾರವೂ ಇಲ್ಲ. ಸಾವಿನಿಂದ ಎದ್ದು ಬಂದ ಪ್ರಭು ನಿನ್ನ ಮನೆಯ ಬಾಗಿಲನ್ನೂ ಹಾದು ಬರಲಿ. ನಿನ್ನ ಮೈಗೆ ಬಲ, ಮನಸ್ಸಿಗೆ ಬೆಳಕು ಕೊಡಲಿ.

ನಿನ್ನ ಅಣ್ಣ,
ಐಲಿಫ್

ತಾ.ಕ. ನಾಲ್ಕು ಸಲ ಸುಟ್ಟದ್ದು ಇದನ್ನೇ. ಹನ್ನೊಂದು ವರ್ಷದ ಹಿಂದೆ, ಅಮ್ಮ ಸಾಯುವ ವಾರ, ನಾನು ನಿನಗೆ ಫೋನ್ ಮಾಡಿ, “ಅಮ್ಮನಿಗೆ ನಿನ್ನ ಮುಖ ನೋಡೋಕೆ ಇಷ್ಟ ಇಲ್ಲವಂತೆ, ಬರಬೇಡ” ಎಂದೆ. ಅಪ್ಪ ನಿನ್ನ ಹೆಸರನ್ನೇ ಎತ್ತಗೊಡದ ಮನೆಯಾದ್ದರಿಂದ ನೀನು ತಕ್ಷಣ ನಂಬಿದೆ. ಮಣ್ಣಿನ ದಿನ ಸ್ಮಶಾನದ ಗೇಟಿನಿಂದ ಒಳಗೆ ಬರಲಿಲ್ಲ. ಅಮ್ಮ ಹಾಗೆ ಹೇಳಿರಲಿಲ್ಲ, ಗುಡ್ನಿ. ಆ ವಾರವೆಲ್ಲ ನಿನ್ನನ್ನು ಕರೆಸು ಎಂದು ನನ್ನನ್ನು ಬೇಡಿದಳು. ನಾನು ಅವಳಿಗೂ ಸುಳ್ಳು ಹೇಳಿದೆ, ನಿನಗೆ ಬಿಡುವಿಲ್ಲವೆಂದು. ನೀನು ಮನೆ ಬಿಟ್ಟು ಹೋದವಳು, ನಾನು ಉಳಿದು ನೋಡಿಕೊಂಡವನು; ಕೊನೆಗೂ ಅವಳಿಗೆ ಬೇಕಾಗಿದ್ದು ನೀನು. ಆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಬೇರೆ ಕಾರಣವಿಲ್ಲ. ಸೋಮವಾರ ಇಪ್ಪತ್ತೊಂದಕ್ಕೆ ಬೋಡೊಗೆ ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಅದು ನ್ಯಾಯವೇ, ತಿರುಗಿ ಹೋಗುತ್ತೇನೆ. ಆದರೆ ಅಮ್ಮನ ಕಡೆಯ ಮಾತು ನಿನಗೆ ಸೇರಿದ್ದು, ಇಷ್ಟು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೆ. ಆ ವಾರದ ಗುರುವಾರ ಮಧ್ಯಾಹ್ನ, ಬಾಗಿಲ ಸದ್ದು ಕೇಳಿ ತಲೆಯೆತ್ತಲು ನೋಡಿದಳು. “ಗುಡ್ನಿ ಬಂದ್ಲಾ?” ಎಂದಳು.