ಎಡಗಡೆ ಮೇಲಿನ ಸಂಖ್ಯೆ

ಅಪ್ಪಾ,

ಇವತ್ತು ಬೆಳಿಗ್ಗೆ ನಮ್ಮ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿನ ಥೈರಾಯ್ಡ್ ಗ್ರಂಥಿ ನನ್ನಿಂದ ಸುಟ್ಟುಹೋಗುವುದರಲ್ಲಿತ್ತು. ಆಕೆ ಬಂದಿದ್ದು ಬರೀ ಸ್ಕ್ಯಾನಿಗೆ. ಅದಕ್ಕೆ ಕೊಡಬೇಕಾದದ್ದು ಅಯೋಡಿನ್-123. ನರ್ಸ್ ತಂದಿದ್ದು 131, ಗ್ರಂಥಿಯನ್ನೇ ಸುಡುವಂಥದ್ದು. ಕ್ಯಾಪ್ಸೂಲಿದ್ದ ಬಟ್ಟಲನ್ನು ಆಕೆ ತುಟಿಗಿಡುವಾಗ ಸೀಸದ ಡಬ್ಬಿಯ ಮೇಲಿನ ಅಂಕಿ ನನ್ನ ಕಣ್ಣಿಗೆ ಬಿತ್ತು.

"ನುಂಗ್ಬೇಡಿ!" ಎಂದು ಕಿರುಚಿಕೊಂಡೆ.

ನರ್ಸ್ ಚೀಟಿಯನ್ನು ನನ್ನ ಮುಂದೆ ಹಿಡಿದಳು. "ಇದ್ರಲ್ಲಿ ಅಯೋಡಿನ್ ಅನ್ನೋದಕ್ಕೆ ಬರೀ I ಅಂತಿದೆ ಮೇಡಂ. ಯಾವ್ದು ಅಂತ ತಿಳ್ಕೊಳ್ಳಲಿ?"

ಕೈಬರಹ ನನ್ನದೇ.

ಶಾಲೆಯಲ್ಲಿ ನೀವೇ ನನಗೆ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದಾಗ ನಿಮ್ಮ ತರಗತಿಯಲ್ಲೂ ಹೀಗೇ ಸಂಕೇತದ ಎಡಗಡೆ ಮೇಲೆ ಈ 123, 131ರಂಥ ದ್ರವ್ಯರಾಶಿ ಸಂಖ್ಯೆ ಬರೆಯದೆ ಬಿಟ್ಟಿದ್ದೆ. ಸೊನ್ನೆ ಕೊಟ್ಟಿರಿ.

"ಎಲ್ರಿಗೂ ಗೊತ್ತಿರತ್ತಲ್ಲಾ ಸರ್" ಎಂದಿದ್ದೆ.

"ಗೊತ್ತಿಲ್ದೋರಿಗೋಸ್ಕರ ಬರಿ" ಎಂದಿರಿ.

ಅಂದಿನಿಂದ ನಿಮ್ಮೆದುರು ಪಾಠದ ಮಾತೇ ಎತ್ತಲಿಲ್ಲ. ಈ ಕೆಲಸ ಸಿಕ್ಕಿದ್ದನ್ನೂ ಅಮ್ಮನ ಬಾಯಿಂದ ಹೇಳಿಸಿದೆ. ಎರಡೇ ತಿಂಗಳಿಗೆ ನೀವು ತೀರಿಕೊಂಡಿರಿ.

ಬಟ್ಟಲು ವಾಪಸ್ ಪಡೆದು, ಆ ಹೆಂಗಸನ್ನು ಹೊರಗೆ ಕೂರಿಸಿ ಹೊಸ ಚೀಟಿ ಬರೆದೆ. I, ಎಡಗಡೆ ಮೇಲೆ 123, ಕೆಳಗೆ ಪ್ರೋಟಾನುಗಳ ಲೆಕ್ಕ, 53.

"ಕೆಳಗಿಂದು ನಮಗೆ ಬೇಕಾಗಲ್ವಲ್ಲ ಮೇಡಂ?" ಎಂದಳು ನರ್ಸ್.

"ಇರ್ಲಿ ಬಿಡಮ್ಮ" ಎಂದೆ. "ನಮ್ಮಪ್ಪ ನೋಡ್ತಾರೆ."