ಸ್ಲೇಟಿನಿಂದ ಒರೆಸಿದ ಹೆಸರು

ಹುಮನಾಬಾದ್,
ಶ್ರಾವಣ ಸೋಮವಾರ, ೧೮-೮-೧೯೭೫

ನನ್ನ ಪ್ರೀತಿಯ, ತುಂಬಾ ಪ್ರೀತಿಯ ‘ರೀ’,

ಹೇಗಿದ್ದೀರಿ? ಕೆಮ್ಮು ನಿಂತಿತೇ? ಅತ್ತೆ ಕಟ್ಟಿಕೊಟ್ಟ ಜ್ಯೇಷ್ಠಮಧು ಬಾಯಲ್ಲಿದೆಯೋ, ಅಂಗಿಯ ಕಿಸೆಯಲ್ಲೇ ಕೂತಿದೆಯೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇಲ್ಲ, ಸುಳ್ಳು. ನಾನು ಚೆನ್ನಾಗಿಲ್ಲ. ತೊಗರಿಯ ಲಾರಿಯ ಜೊತೆ ಸೊಲ್ಲಾಪುರಕ್ಕೆ ಹೊರಟಾಗ ‘ಮುಟ್ಟಿದ ಕೂಡ್ಲೇ ತಾರು ಹೊಡಿತೀನಿ’ ಅಂದಿದ್ದಿರಿ. ಆ ತಂತಿ ಇನ್ನೂ ಬಂದಿಲ್ಲ. ನಿನ್ನೆ ಬೇಮಳಖೇಡದ ಮಡೆಪ್ಪ ಕಾಕಾ ಅಂಗಳದಲ್ಲಿ ನಿಂತು, ನಳದುರ್ಗದ ಆಚೆ ಯಾವುದೋ ತೊಗರಿ ಲಾರಿ ಮಗುಚಿದೆಯಂತೆ ಎಂದು ಮಾವನವರಿಗೆ ಹೇಳಿದರು. ಯಾರ ಲಾರಿ ಅಂತ ಅವರಿಗೂ ಗೊತ್ತಿಲ್ಲ.

ಇದೆಲ್ಲ ನನ್ನಿಂದಲೇ ಆಯಿತೇ ಎಂದು ಭಯವಾಗಿದೆ. ಮೊನ್ನೆ ಅಡುಗೆಮನೆಯಲ್ಲಿ ನಿಮ್ಮ ತಂಗಿ ಮೀರಾಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅವಳೂ ನಿಮ್ಮ ಹಾಗೆಯೇ! ಮದುವೆ ನಿಶ್ಚಯವಾದ ಮೇಲೆ ನೀವು ಇಂಗ್ಲಿಷಿನಲ್ಲಿ ಬರೆದ ಪತ್ರ ನೆನಪಿದೆಯಲ್ಲ, ಎಸ್ ಕಂಡಲ್ಲೆಲ್ಲ ಅಪಾಸ್ಟ್ರಫಿ! ನಾನು ಕೆಂಪು ಶಾಯಿಯಲ್ಲಿ ತಿದ್ದಿ ತವರು ಬಸವಕಲ್ಯಾಣದಿಂದ ವಾಪಸ್ ಕಳಿಸಿದ್ದೆ. ಅದನ್ನೇ ಇವಳಿಗೂ ಹೇಳಿದೆ: ಬರೀ ಬಹಳ ಇವೆ ಅನ್ನುವುದಕ್ಕೆ ಆ ಬಾಲ ಬೇಡ, ಒಂದು ವಸ್ತು ಯಾರದು ಅಂತ ಹೇಳುವುದಕ್ಕೆ ಬೇಕು. ಅವಳು ಕಣ್ಣು ಮಿಟುಕಿಸಿ, ‘ಹಂಗಾದ್ರ ವೈನಿ, ನೀವು ಯಾರವರು, ಬರ್ದು ತೋರಸ್ರಿ!’ ಅಂದಳು. ನನಗೆ ಉಮೇದು ಬಂತು. ಅವಳ ಸ್ಲೇಟಿನ ಮೇಲೆ ಬರೆದೆ: ನಿಮ್ಮ ಹೆಸರು, ಅಪಾಸ್ಟ್ರಫಿ, ಎಸ್, ಮುಂದೆ ‘ವೈಫ್’. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಸರಿ, ಸುಣ್ಣದ ಕಡ್ಡಿ ಬರೆದರೆ ಏನು ಅಂದುಕೊಂಡೆ. ಮೀರಾ ಗಟ್ಟಿಯಾಗಿ ಓದಿ ನಕ್ಕಳು. ನಾನು ಮುಂದಿನ ಉದಾಹರಣೆಗೆಂದು ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿಬಿಟ್ಟೆ.

ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ‘ಅಯ್ಯ! ಅವ ದಾರಿ ಮ್ಯಾಲ ಇರೂಮುಂದ ಅವನ ಹೆಸರ ಒರಸ್ತಾರೇನವ್ವಾ?’

ನಾನು, ‘ಬರೀ ಸುಣ್ಣ ಅಲ್ಲವೇನ್ರಿ?’ ಎಂದು ನಕ್ಕೆ. ರೀ, ನಕ್ಕೆ! ಕಾನ್ವೆಂಟಿನ ಬೋರ್ಡಿನಿಂದ ಎಷ್ಟು ಹೆಸರು ಒರೆಸಿಲ್ಲ ನಾನು! ಮಡೆಪ್ಪ ಕಾಕಾ ಬಂದು ಹೋದಾಗಿನಿಂದ ಆ ನಗುವಿಗೆ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ. ಅತ್ತೆ ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ದೇವರ ದೀಪಕ್ಕೆ ಎಣ್ಣೆ ಹಾಕುತ್ತಲೇ ಇದ್ದಾರೆ. ರಸ್ತೆಯಲ್ಲಿ ಲಾರಿ ಸದ್ದಾದರೆ ಸಾಕು, ಇಬ್ಬರೂ ಬಾಗಿಲಿಗೆ ಓಡುತ್ತೇವೆ, ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಬರುತ್ತೇವೆ. ನಿಮ್ಮ ಗೆಳೆಯ ಉತ್ತಮ ಈಗಿನ ಬಸ್ಸಿಗೆ ನಿಮ್ಮನ್ನು ಹುಡುಕಿಕೊಂಡು ಹೊರಟಿದ್ದಾರೆ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಅವರಿಂದಲೇ ಬರೆಸಿದೆ. ನನಗೆ ಕೈ ಏಳಲಿಲ್ಲ.

ಮಾವನವರು ಆಶೀರ್ವಾದ ತಿಳಿಸಿದ್ದಾರೆ. ಮೀರಾ ಅಣ್ಣನಿಗೆ ನಮಸ್ಕಾರ ಹೇಳಿ ಎಂದು ಅಳುತ್ತಿದ್ದಾಳೆ.

ನಿಮ್ಮವಳು, ನಿಮ್ಮೊಬ್ಬರವಳೇ,
ಲಲಿತಾ

ತಾ.ಕ.: ಉತ್ತಮ ಬಾಗಿಲಲ್ಲಿ ಕೂಗುತ್ತಿದ್ದಾರೆ. ಈಗಷ್ಟೇ ಅತ್ತೆ ಬಂದು ಸ್ಲೇಟನ್ನು ನನ್ನ ಮಡಿಲಲ್ಲಿ ಇಟ್ಟರು. ‘ಮದಲ ಹ್ಯಾಂಗ ಬರ್ದಿದ್ದೀ, ಹಾಂಗೇ ಬರಿ. ಆ ಬಾಲ ಬಿಡಬ್ಯಾಡ.’ ಬರೆದೆ. ಬರೆದು ಮುಗಿಯುವವರೆಗೂ ಅವರು ಸ್ಲೇಟಿನ ಅಂಚು ಹಿಡಿದೇ ಇದ್ದರು. ಅದೀಗ ದೇವರ ಗೂಡಿನಲ್ಲಿದೆ, ಯಾರೂ ಮುಟ್ಟುವಂತಿಲ್ಲ. ಉತ್ತಮರ ಕೈಯಲ್ಲಿ ಒಂದು ಸಾಲು ಕಳಿಸಿ, ನಿಮ್ಮ ಕೈಯಿಂದಲೇ ಬರೆದದ್ದು. ಎಸ್ ಕಂಡಲ್ಲೆಲ್ಲ ಬಾಲ ಹಚ್ಚಿ, ವೈಜನಾಥ, ನಾನು ಕೆಂಪು ಶಾಯಿ ಮುಟ್ಟುವುದಿಲ್ಲ.