ಪರಿಶೀಲಿಸಿದವರ ಸಹಿ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಏಳು ಸ್ಯಾಂಪಲ್. ಎಲ್ಲಾ ಜಿಪ್ಸಮ್. ಒಣಗಿಸು, ಅರೆ, ಕರಗಿಸು, ಅಳೆ. ಗೊಬ್ಬರಕ್ಕೆ ಹೋಗಬೇಕಾದ ಫಾಸ್ಫೇಟ್ ಎಷ್ಟು ಈ ಬಿಳಿ ಕಸದ ಜೊತೆ ಫ್ಯಾಕ್ಟರಿ ಹಿಂದಿನ ಗುಡ್ಡೆ ಸೇರಿತು ಅಂತ ಹೇಳುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಕಸದ ಪುರಾಣ ಬರೆಯುತ್ತಿದ್ದೇನೆ.

ಹನ್ನೊಂದಕ್ಕೆ ಪಾಯಿಂಟರ್ ಬಂದರು. ರಿಸರ್ಚ್ ಮುಖ್ಯಸ್ಥರು. ಜೇಬಲ್ಲಿ ಸದಾ ಆ ಕೆಂಪು ಬೆಳಕಿನ ಕಡ್ಡಿ, ಅದಕ್ಕೇ ಲ್ಯಾಬಿನಲ್ಲಿ ಈ ಹೆಸರು. ಆರು ವರ್ಷದಿಂದ ಯಾವ ಸಮ್ಮೇಳನಕ್ಕಾದರೂ ಅವರೇ, ಯಾವ ಕಾರ್ಯಾಗಾರಕ್ಕಾದರೂ ಅವರೇ. ಅಂಕಿ ನನ್ನದು, ಬಾಯಿ ಅವರದು. ವಾಪಸ್ ಬಂದಾಗ ನನಗೊಂದು ಬಟ್ಟೆ ಚೀಲ, ಒಂದು ಪೆನ್ನು. ಚೀಲದ ಮೇಲೆ ‘ಜ್ಞಾನ ಹಂಚೋಣ’ ಅಂತ ಅಚ್ಚು. ಮನೆಯಲ್ಲಿ ಆರು ಚೀಲ ಇವೆ. ಒಂದರಲ್ಲಿ ಅತ್ತೆ ಈರುಳ್ಳಿ ತುಂಬಿಟ್ಟಿದ್ದಾರೆ.

“ಈ ಸಲ ನೀವೇ ಮಾತಾಡಿ ಮೇಡಮ್” ಅಂದರು. “ಜಿಪ್ಸಮ್ಮನ್ನ ಬಿಸಿನೀರಲ್ಲಿ ಎರಡು ಸಲ ತೊಳೆಯೋದು ನಿಮ್ಮದೇ ಐಡಿಯಾ ಅಲ್ವಾ? ನಾನೆಷ್ಟು ದಿನ ಅಂತ ಸ್ಟೇಜ್ ಹಿಡ್ಕೊಂಡಿರ್ಲಿ.”

ಕೈಯಲ್ಲಿದ್ದ ಪಿಪೆಟ್ ಕೆಳಗಿಡುವುದೂ ಮರೆತುಹೋಯಿತು. ಎಂಥ ಒಳ್ಳೆಯ ಮನುಷ್ಯ, ಇಷ್ಟು ವರ್ಷ ಸುಮ್ಮನೆ ಬೈದುಕೊಂಡೆನಲ್ಲ ಅನ್ನಿಸಿತು.

ಮಾರ್ಚ್ 4

ಇವರು ಅಂಗಡಿ ಮುಚ್ಚಿ ಬಂದವರೇ ಟೇಪ್ ಹಿಡಿದು ನಿಂತರು. ಟೈಲರ್ ಗಂಡ ಇದ್ದರೆ ಸಂತೋಷಕ್ಕೂ ಅಳತೆ ಕೊಡಬೇಕು. ಕೋಟು ಹೊಲಿಯುತ್ತಾರಂತೆ. ಬೂದು ಬಣ್ಣ.

“ತೋಳು ಅರ್ಧ ಇಂಚು ಜಾಸ್ತಿ ಇರ್ಲಿ ಕಣೇ. ಪರದೆ ಕಡೆ ಕೈ ಚಾಚಿದಾಗ ಮೇಲಕ್ಕೆ ಸರೀಬಾರ್ದು.”

ಅತ್ತೆ ಒಳಗಿಂದಲೇ: “ಈ ಸಲ ಎರಡು ಚೀಲ ತಗೊಂಬಾ. ಮಾತಾಡೋರಿಗೆ ಇಲ್ಲ ಅಂತಾರಾ?”

ಕನ್ನಡಿ ಮುಂದೆ ನಿಂತು ‘ಗೌರವಾನ್ವಿತ ಅಧ್ಯಕ್ಷರೇ’ ಅಂದು ನೋಡಿದೆ. ಐವತ್ತಮೂರಕ್ಕೆ ಇದೊಂದು ಹುಚ್ಚು.

ಮಾರ್ಚ್ 11, ಮಧ್ಯಾಹ್ನ

ಸ್ಲೈಡ್ ಬಂದವು. ಎರಡು ವರ್ಷದ ಹಿಂದೆ ಕಾರ್ಯಾಗಾರದಲ್ಲಿ ಪಾಯಿಂಟರ್ ತೋರಿಸಿದವೇ. ನಾನು ನೋಡುತ್ತಿರುವುದು ಇದೇ ಮೊದಲು. ಒಂಬತ್ತನೆಯದು: ಹಳೆಯ ವಿಧಾನದಲ್ಲಿ ಜಿಪ್ಸಮ್ ಜೊತೆ ಹೋಗುವ ಫಾಸ್ಫೇಟ್ ಶೇಕಡಾ 1.1. ಬಿಸಿನೀರಲ್ಲಿ ತೊಳೆದರೆ 0.4. ಪಕ್ಕದಲ್ಲಿ ಹಸಿರು ಬಾಣ.

ಯಾರಾದರೂ ಪ್ರಶ್ನೆ ಕೇಳಿದರೆ ಇರಲಿ ಅಂತ ಹಳೇ ನೋಟ್‌ಬುಕ್ ತೆಗೆದೆ. 0.4 ಇದೆ. ನನ್ನದೇ ಅಕ್ಷರ. ಕಾಲಮ್ಮಿನ ತಲೆಯ ಮೇಲೆ ‘ಪಿ’. ಬರೀ ಪಿ!

ಆ ತಿಂಗಳು ಹೊಸ ಯಂತ್ರ ಬಂದಿತ್ತು. ಅದು ಬರೀ ರಂಜಕದ, ಅಂದರೆ ‘ಪಿ’ಯ ಲೆಕ್ಕ ಕೊಡುತ್ತದೆ. ನಮ್ಮ ಉದ್ಯಮದವರು ಎಲ್ಲಿದ್ದರೂ ಮಾತಾಡುವುದು ಪಿ-ಟು-ಓ-ಫೈವ್ ಲೆಕ್ಕದಲ್ಲಿ, ರಂಜಕದ ಜೊತೆ ಆಮ್ಲಜನಕವನ್ನೂ ಸೇರಿಸಿ. 2.29ರಿಂದ ಗುಣಿಸಬೇಕು. ಟ್ರೈನಿಗಳಿಗೆ ಮೊದಲ ದಿನ ಕಲಿಸುವ ಪಾಠ. ಹಳೆಯ 1.1 ಗುಣಿಸಿದ ಅಂಕಿ. ಈ 0.4 ಗುಣಿಸದೇ ಇದ್ದದ್ದು.

ಗುಣಿಸಿದೆ. 0.92.

ಚಪ್ಪಾಳೆ ಹೊಡೆಸಿಕೊಂಡ ಸಾಧನೆ ಇಷ್ಟೇ. 1.1 ಇದ್ದದ್ದು 0.92. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಸಂಜೆ

ಇವರಿಗೆ ಬಿಡಿಸಿ ಹೇಳಿದೆ. ಕತ್ತರಿ ಕೆಳಗಿಟ್ಟರು. “ಇಂಚಲ್ಲಿ ಅಳೆದು ಸೆಂಟಿಮೀಟರ್ ಅಂತ ಬರ್ಕೊಂಡಂಗಾಯ್ತು. ಆ ಅಂಗಿ ಗೊಂಬೆಗೂ ಆಗಲ್ಲ. ಬರ್ಕೊಂಡೋರು ಯಾರು?”

ಬರೆದುಕೊಂಡವರು ಪಾಯಿಂಟರ್. ನಕಲು ಮಾಡುವಾಗ ಕಾಲಮ್ಮಿನ ತಲೆ ನೋಡಲಿಲ್ಲ. ಆದರೆ ಆ ಸ್ಲೈಡ್ ಹೊರಗೆ ಹೋಗಲು ಒಪ್ಪಿಗೆ ಕೊಡುವ ಕ್ಲಿಯರೆನ್ಸ್ ಹಾಳೆಯಲ್ಲಿ ‘ಪರಿಶೀಲಿಸಿದವರು’ ಅನ್ನುವ ಕಡೆ ಸಹಿ ನನ್ನದು. ಮಧ್ಯಾಹ್ನವೇ ಫೈಲ್ ತರಿಸಿ ನೋಡಿದೆ. ಆ ಹಾಳೆ ಯಾವಾಗಲೂ ಬರುವುದು ಸಂಜೆ ಐದು ಇಪ್ಪತ್ತೈದಕ್ಕೆ. ಐದೂವರೆಗೆ ಫ್ಯಾಕ್ಟರಿ ಬಸ್. ಡ್ರೈವರ್ ಹಾರ್ನ್ ಹೊಡೆಯುತ್ತಿರುತ್ತಾನೆ. “ಬೇಗ ಮೇಡಮ್, ಫಾರ್ಮಾಲಿಟಿ ಅಷ್ಟೇ” ಅನ್ನುತ್ತಾರೆ ಪಾಯಿಂಟರ್. ನಿಂತುಕೊಂಡೇ ಸಹಿ.

ಇನ್ನೊಂದು ವಿಷಯವಿದೆ. ಯಾರಿಗೂ ಹೇಳಿಲ್ಲ, ಇಲ್ಲಾದರೂ ಬರೆಯುತ್ತೇನೆ. ವಾರ್ಷಿಕ ವರದಿಯಲ್ಲಿ 0.4 ನೋಡಿದ್ದೆ. ‘ಅರೆ, ಇಷ್ಟು ಇಳೀತಾ!’ ಅಂತ ಹಿಗ್ಗಿದ್ದೆ. ಪುಟ ಮಡಚಿಟ್ಟುಕೊಂಡಿದ್ದೆ. ನೋಟ್‌ಬುಕ್ ತೆರೆದು ನೋಡಲಿಲ್ಲ. ನೋಡುವ ಮನಸ್ಸಿರಲಿಲ್ಲ ಅನ್ನುವುದೇ ಸರಿ.

ಮಾರ್ಚ್ 12

ನೋಟ್‌ಬುಕ್ ಹಿಡಿದು ಅವರ ಕೋಣೆಗೆ ಹೋದೆ. ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದೆ. ಹುಬ್ಬು ಕೂಡ ಅಲುಗಲಿಲ್ಲ.

“ಯಾರು ಕೇಳ್ತಾರೆ ಬಿಡಿ. ಕೇಳಿದ್ರೆ ರಾಕ್ ಬೇರೆ ಅನ್ನಿ. ಒಂದೊಂದು ಗಣಿ ಕಲ್ಲು ಒಂದೊಂದು ಥರ. ಯಾರೂ ಎದುರಾಡಲ್ಲ.”

“ಯಾರಾದ್ರೂ ಕೇಳಿದಾರಾ ಸರ್?”

ಡ್ರಾಯರ್ ಎಳೆದು ಒಂದು ಕಾಗದ ಕೊಟ್ಟರು. ಇನ್ನೊಂದು ಕಾರ್ಖಾನೆಯ ಕೆಮಿಸ್ಟ್ ಬರೆದದ್ದು. ‘ಕಾರ್ಯಾಗಾರದಲ್ಲಿ ತಾವು ಹಂಚಿದ ವಿಧಾನವನ್ನು ಎಂಟು ತಿಂಗಳಿಂದ ಚಾಚೂ ತಪ್ಪದೆ ಪಾಲಿಸಿದ್ದೇವೆ. 0.9ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ತಪ್ಪು ನಮ್ಮ ಲ್ಯಾಬಿನದೇ ಇರಬೇಕು. ನನ್ನ ಕೆಲಸದ ಮೇಲೆ ಮ್ಯಾನೇಜ್‌ಮೆಂಟಿಗೆ ನಂಬಿಕೆ ಹೋಗಿದೆ. ಎಲ್ಲಿ ಎಡವಿದ್ದೇನೆ, ದಯವಿಟ್ಟು ತಿಳಿಸಿ. ಸಮ್ಮೇಳನಕ್ಕೆ ಬಂದು ನೇರವಾಗಿ ಕೇಳುವ ಆಸೆಯೂ ಇದೆ.’

ಅಯ್ಯೋ ಪುಣ್ಯಾತ್ಮ. ಸರಿಯಾಗೇ ಅಳೆದಿದ್ದೀಯಲ್ಲಪ್ಪ. ಎಲ್ಲೂ ಎಡವಿಲ್ಲ ನೀನು.

ಆಮೇಲೆ ಕಾಗದದ ತಾರೀಕು ನೋಡಿದೆ. ಫೆಬ್ರವರಿ 19. ನನಗೆ ಸ್ಟೇಜ್ ಬಿಟ್ಟುಕೊಟ್ಟದ್ದು ಮಾರ್ಚ್ 3.

ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಹಾಕಿಕೊಂಡ. ಇಲ್ಲಿ ಸಿಪ್ಪೆ ತಿನ್ನಿಸುವುದಕ್ಕೆ ಮೊದಲು ನನಗೆ ಕೋಟು ಬೇರೆ ಹೊಲಿಸಿದರು.

ಮಾರ್ಚ್ 21

ಒಂಬತ್ತು ದಿನ ಬರೆದಿಲ್ಲ. ಬರೆಯುವುದೇನು. ಹೇಳಿದರೆ ನನ್ನ ಸಹಿ, ನನ್ನ ಮುಖ, ನನ್ನ ಇಪ್ಪತ್ತಾರು ವರ್ಷ. ರಾಕ್ ಬೇರೆ ಅಂದರೆ ಆ ಮನುಷ್ಯನ ಅನ್ನಕ್ಕೆ ಕಲ್ಲು.

ಕೋಟು ಸಿದ್ಧವಾಗಿದೆ. ಹೇಳಿ ಮಾಡಿಸಿದಂತೆ ಕೂರುತ್ತದೆ. ಹಾಕಿಕೊಂಡು ಅತ್ತುಬಿಟ್ಟೆ. ಇವರು ಗುಂಡಿ ಬಿಗಿಯಾಯ್ತೇನೋ ಅಂತ ನೋಡಿದರು.

ಮಾರ್ಚ್ 27, ಬೆಳಿಗ್ಗೆ 10

ಸಮ್ಮೇಳನದ ಹಾಲ್. ಕುರ್ಚಿಗಳಿಗೆ ಬಿಳಿ ಗವುಸು, ಎಸಿ ಹೆಚ್ಚಾಗಿ ಎಲ್ಲರೂ ಮುದುಡಿ ಕೂತಿದ್ದಾರೆ. ಚೀಲ ಸಿಕ್ಕಿತು. ಒಂದೇ.

ಕಾರ್ಯಕ್ರಮದ ಹಾಳೆಯಲ್ಲಿ ನಮ್ಮ ಭಾಷಣದ ಎದುರು ನನ್ನ ಹೆಸರೊಂದೇ ಇದೆ. ಆರು ವರ್ಷದಿಂದ ಅಲ್ಲಿರುತ್ತಿದ್ದ ಪಾಯಿಂಟರ್ ಹೆಸರು ಈ ಸಲ ಮಂಗಮಾಯ. ಅವರು ಮುಂದಿನ ಸಾಲಲ್ಲಿ ಕೂತು ಯಾರಿಗೋ ನಗುತ್ತಿದ್ದಾರೆ. ತಮ್ಮ ಕೆಂಪು ಕಡ್ಡಿಯನ್ನು ನನ್ನ ಕೈಗಿಟ್ಟು “ಗುಡ್ ಲಕ್” ಅಂದರು. ಎಷ್ಟು ಧಾರಾಳ!

ಮಧ್ಯಾಹ್ನ 2.30

ಹೇಳಿದೆ.

ಒಂಬತ್ತನೆಯ ಸ್ಲೈಡಿನಲ್ಲಿ ನಿಂತೆ. 0.4ರ ಮೇಲೆ ಕೆಂಪು ಬೆಳಕು ಬಿಟ್ಟೆ. “ಇದು ತಪ್ಪು. ಗುಣಿಸಿಲ್ಲ. ಸರಿಯಾದದ್ದು 0.92. ಪರಿಶೀಲಿಸಿದೆ ಅಂತ ಸಹಿ ಮಾಡಿದವಳು ನಾನು. ಪರಿಶೀಲಿಸಿರಲಿಲ್ಲ.” ಆ ಕೆಂಪು ಚುಕ್ಕಿಯನ್ನು ಹಸಿರು ಬಾಣದ ಮೇಲೂ ಒಮ್ಮೆ ಎಳೆದೆ. ಅಧ್ಯಕ್ಷರು ವಾಚ್ ನೋಡಿ, “ಪ್ರಾಮಾಣಿಕತೆಗೆ ಧನ್ಯವಾದ, ಸಮಯ ಮೀರಿದೆ, ಊಟಕ್ಕೆ ಹೋಗೋಣ” ಅಂದರು. ಪ್ರಶ್ನೆಗೆ ಅವಕಾಶವಿಲ್ಲ. ಇದೇ ಇವರ ಜ್ಞಾನ ಹಂಚಿಕೆ. ಎರಡು ವರ್ಷದ ಹಿಂದೆ ತಪ್ಪು ಅಂಕಿಗೆ ಚಪ್ಪಾಳೆ ಹೊಡೆದ ಜನ ಸರಿ ಅಂಕಿ ಕೇಳಿ ತಟ್ಟೆ ಹಿಡಿದು ಸಾಲು ನಿಂತರು.

ಬಾಗಿಲ ಹತ್ತಿರ ಒಬ್ಬರು ಕಾದಿದ್ದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಚೀಲ ಇಲ್ಲ. “ಆ ಕಾಗದ ಬರೆದೋನು ನಾನೇ ಮೇಡಮ್.” ಬೈಯುತ್ತಾರೆ ಅಂತ ತಲೆ ತಗ್ಗಿಸಿದೆ.

“ನಮಗೂ 0.92 ಬರ್ತಿತ್ತು. ಅದೇ, ಸರಿಯಾಗಿ 0.92!” ನಕ್ಕರು. ಬಾಯಿ ನಗುತ್ತಿತ್ತು ಅಷ್ಟೇ. “ಕಾಗದ ಹಾಕಿದ ವಾರವೇ ನನ್ನ ಲ್ಯಾಬಿಂದ ತೆಗೆದು ಗೋಡೌನಿಗೆ ಹಾಕಿದ್ರು. ಮೂಟೆ ಎಣಿಸ್ತಿದೀನಿ. ರಜೆ ಹಾಕಿ ಬಂದೆ.”

“ಏನ್ಮಾಡಿದ್ರೆ ವಾಪಸ್ ತಗೋತಾರೆ?”

“ನಿಮ್ಮ ಕಂಪನಿ ತಿದ್ದುಪಡಿ ಅಂತ ಒಂದು ಕಾಗದ ಕಳಿಸಿದ್ರೆ ಸಾಕು. ಬಾಯ್ಮಾತು ಯಾರು ನಂಬ್ತಾರೆ ಮೇಡಮ್, ನಿಮಗೆ ಗೊತ್ತಲ್ಲ.”

ನೋಟ್‌ಬುಕ್ ಪುಟದ ಜೆರಾಕ್ಸ್ ಇತ್ತು, ಸಹಿ ಮಾಡಿ ಚೀಲಕ್ಕೆ ಹಾಕಿ ಚೀಲವನ್ನೇ ಕೊಟ್ಟೆ. ಕಂಪನಿಯ ಕಾಗದವನ್ನೂ ಕಳಿಸಿಯೇ ತೀರುತ್ತೇನೆ ಅಂತ ಮಾತು ಕೊಟ್ಟೆ. ಅತ್ತೆ ಬೈಯಲಿ.

ಏಪ್ರಿಲ್ 1

ಪಾಯಿಂಟರ್ ಮಾತು ಬಿಟ್ಟಿದ್ದಾರೆ. ನನ್ನ ಯಂತ್ರದ ಪಾಸ್‌ವರ್ಡ್ ಬದಲಾಗಿದೆ. ಹೋಗಲಿ. ತಿದ್ದುಪಡಿ ಕಾಗದ ಎಲ್ಲಿ ಅಂತ ಮೂರು ಸಲ ಕೇಳಿದೆ. “ನಾನೇ ಡ್ರಾಫ್ಟ್ ಮಾಡ್ತಿದೀನಿ” ಅಂದರು, ಮುಖ ನೋಡದೆ.

ಏಪ್ರಿಲ್ 2, ಸಂಜೆ 5.25

ಬಂತು. ಬೇರೆ ಹೊತ್ತಿಗೆ ಬರುವುದುಂಟೆ! ಸಮ್ಮೇಳನದವರಿಗೆ ಒಂದು ಪ್ರತಿ, ಎಲ್ಲಾ ಕಾರ್ಖಾನೆಗಳಿಗೂ ಒಂದೊಂದು. ಕೆಳಗೆ ‘ಪರಿಶೀಲಿಸಿದವರು’, ಖಾಲಿ ಗೆರೆ. “ಬೇಗ ಮೇಡಮ್, ಬಸ್ ಹೋಗುತ್ತೆ” ಅಂತ ಪಾಯಿಂಟರ್ ಬಾಗಿಲಲ್ಲೇ ನಿಂತಿದ್ದಾರೆ.

ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ. ಕುರ್ಚಿ ಎಳೆದು ಕೂತೆ. ಈ ದಿನಚರಿ ಪಕ್ಕದಲ್ಲಿ ತೆರೆದಿಟ್ಟಿದ್ದೇನೆ, ಓದಿದ್ದನ್ನು ಓದಿದ ಹಾಗೇ ಬರೆಯುತ್ತೇನೆ.

ಮೊದಲ ಸಾಲು: ‘ಭಾಷಣ ಮಾಡಿದವರು ಅಂದು ಅಸ್ವಸ್ಥರಾಗಿದ್ದರು.’ ಹೊಡೆದುಹಾಕಿದೆ.

ಎರಡನೆಯದು: ‘0.4 ಸರಿಯಾಗಿದೆ. ಬೇರೆ ಕಡೆ ಬಂದಿರುವ 0.9 ಆಯಾ ಲ್ಯಾಬಿನ ಅಳತೆಯ ದೋಷ.’ ಹೊಡೆದುಹಾಕಿದೆ. ಹಾಳೆ ಹರಿಯಿತು.

“ಏನ್ ಮಾಡ್ತಿದೀರಿ ಮೇಡಮ್?”

“ಪರಿಶೀಲಿಸ್ತಿದೀನಿ ಸರ್.”

ಬಸ್ ಹೊರಟಿತು. ಮೂರನೆಯ ಸಾಲು —